ಮೆದು ನೀರು ಬಂದ ವಾರ

ಆ ಊರಿನ ನಲ್ಲಿಗಳಲ್ಲಿ ನೀರಿನ ಜೊತೆ ಬೆಟ್ಟವೂ ಬರುತ್ತಿತ್ತು. ನಗಬೇಡಿ, ನಿಜವಾಗಿಯೂ ಬರುತ್ತಿತ್ತು. ಊರಾಚೆಯ ಸುಣ್ಣಕಲ್ಲಿನ ಗುಡ್ಡಗಳ ಹೊಟ್ಟೆಯೊಳಗಿಂದ ಹರಿದು ಬರುವ ನೀರು ಸುಮ್ಮನೆ ಬರುವುದೇ? ದಾರಿಯುದ್ದಕ್ಕೂ ಗುಡ್ಡವನ್ನು ಚೂರುಚೂರೇ ಕರಗಿಸಿಕೊಂಡು ಮನೆ ಮನೆಗೆ ಹೊತ್ತು ತರುತ್ತಿತ್ತು. ಕುಡಿಯುವ ಲೋಟಕ್ಕೆ ಬಿಳಿ ಪೊರೆ, ಬಕೆಟ್ಟಿನೊಳಗೆ ಬಿಳಿ ಗೆರೆ, ನಲ್ಲಿಯ ಮೂತಿಗೆ ಬಿಳಿ ಗಡ್ಡ. ಷವರಿನ ತೂತುಗಳು ಒಂದೊಂದಾಗಿ ಮುಚ್ಚಿಹೋಗಿ, ಉಳಿದ ನಾಲ್ಕಾರು ತೂತುಗಳಿಂದ ನೀರು ತಲೆ ಬಿಟ್ಟು ಗೋಡೆಗೆ ಹಾರುತ್ತಿತ್ತು. ಒಣಗಿದ ಟವೆಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದಿತ್ತು. ಸೋಪಿನಲ್ಲಿ ನೊರೆ ಬರಿಸುವಷ್ಟರಲ್ಲಿ ಕೈ ಬಿದ್ದುಹೋಗುತ್ತಿತ್ತು. ಬೆಳಗಿನ ಬಿಸಿಲು ಬಚ್ಚಲುಮನೆಯ ಕಿಟಕಿಗೆ ಬಿದ್ದಾಗ ಮಾತ್ರ ಆ ಮಬ್ಬು ಗಾಜು, ಆ ಬಿಳಿ ನಲ್ಲಿ, ಆ ಹಬೆ ಎಲ್ಲ ಸೇರಿ, ಅರೆನಿದ್ದೆಯಲ್ಲಿ ಕಂಡ ಮನೆಯ ಹಾಗಿರುತ್ತಿತ್ತು.

ಆಯಮ್ಮನಿಗೆ ಆ ನೀರಿನ ಮೇಲೆ ಎಳ್ಳಷ್ಟೂ ದೂರಿರಲಿಲ್ಲ. ಅದೇ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಹಾಗಾಗಿ ಎಲ್ಲರಿಗೂ ಆಯಮ್ಮ. ಕೂಸುಗಳಿಗೆ ಸ್ನಾನ ಮಾಡಿಸಿ ಮಾಡಿಸಿಯೇ ಅವಳ ಕೂದಲು ಬೆಳ್ಳಗಾಗಿತ್ತು. ಅವಳದೊಂದು ಪದ್ಧತಿಯಿತ್ತು. ನೀರು ಹೊಯ್ದ ಮೇಲೆ ಹೆಬ್ಬೆರಳನ್ನು ಕೂಸಿನ ಬೆನ್ನ ಮೇಲೆ ಮೆಲ್ಲಗೆ ಎಳೆಯುವುದು. ಬೆರಳು ಜಾರಿದರೆ ಸೋಪು ಇನ್ನೂ ಇದೆ, ಇನ್ನೊಂದು ಮಗ್ಗು ಹೊಯ್ಯಬೇಕು. ಬೆರಳು ತಡೆದು ನಿಂತರೆ ಮೈ ಶುಚಿಯಾಯಿತು. ಹೊಸದಾಗಿ ಬಂದ ಆಯಾಗಳಿಗೂ ಅದನ್ನೇ ಹೇಳಿಕೊಡುತ್ತಿದ್ದಳು. "ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ ನೋಡ್ರೇ," ಎನ್ನುತ್ತಿದ್ದಳು.

ಕೆಲಸದಿಂದ ನಿವೃತ್ತಳಾಗಿ ಮಗಳ ಮನೆಗೆ ಬಂದ ಮೇಲೆ ಅವಳ ಜೀವವೆಲ್ಲ ಮೊಮ್ಮಗಳ ಮೇಲಿತ್ತು. ಇನ್ನೂ ಹಲ್ಲು ಬಾರದ ಕೂಸು, ಕೆನ್ನೆ ನೋಡಿ ಎಲ್ಲರೂ ಗುಂಡಮ್ಮ ಎಂದು ಕರೆಯುತ್ತಿದ್ದರು. ಬೆಳಗ್ಗೆ ಗುಂಡಮ್ಮನನ್ನು ಟಬ್ಬಿನಲ್ಲಿ ಕೂರಿಸಿ ನೀರೆರೆಯುವ ಹೊತ್ತಿಗೆ ಆಯಮ್ಮ ಮತ್ತೆ ಆಯಮ್ಮ ಆಗುತ್ತಿದ್ದಳು. ಉಳಿದ ಹೊತ್ತೆಲ್ಲ ಮನೆಯ ಮೂಲೆಯಲ್ಲಿ ಕುಳಿತ ಒಬ್ಬ ಮುದುಕಿ, ಅಷ್ಟೇ. ಇದು ಅವಳಿಗೂ ಗೊತ್ತಿತ್ತು.

ಆದರೆ ಗುಂಡಮ್ಮನ ಮೈ ಒರಟಾಗಿ ಮೊಣಕೈ ಸಂದಿಯಲ್ಲೆಲ್ಲ ಕೆಂಪೆದ್ದಿತು. ಕೂಸು ಕೆರೆದುಕೊಂಡು ಅಳುವುದನ್ನು ನೋಡಲಾಗುತ್ತಿರಲಿಲ್ಲ. ನೀರು ಗಡಸು, ಅದೇ ಕಾರಣವಿರಬಹುದು ಎಂದರು ಡಾಕ್ಟರು. ಬಸ್ ಓಡಿಸುವ ಅಳಿಯ ತಡಮಾಡದೆ ನೀರು ಮೆದುಮಾಡುವ ಯಂತ್ರವೊಂದನ್ನು ತಂದು ಬಚ್ಚಲುಮನೆಯ ಗೋಡೆಗೆ ಹಾಕಿಸಿದ. ಆಗಾಗ ಅದರ ಹೊಟ್ಟೆಗೆ ಉಪ್ಪು ಹಾಕಬೇಕಂತೆ.

"ನೀರಿಗೆ ಉಪ್ಪು ಹಾಕಿದ್ರೆ ಮೆತ್ತಗಾಗುತ್ತಾ? ನಿಮ್ಮ ಬಸ್ಸಿಗೂ ಒಂದು ಹಿಡಿ ಹಾಕಿ, ಕುಲುಕೋದಾದ್ರೂ ನಿಲ್ಲಲಿ," ಎಂದಳು ಆಯಮ್ಮ. ಅಳಿಯ ನಕ್ಕು ಡ್ಯೂಟಿಗೆ ಹೊರಟ.

ಮರುದಿನ ಬೆಳಗ್ಗೆ ಹೊಸ ನೀರಿನ ಮೊದಲ ಸ್ನಾನ. ಸೋಪು ಮುಟ್ಟಿದ್ದೇ ತಡ, ಆಹಾ, ಏನು ನೊರೆ! ಟಬ್ಬು ತುಂಬ ನೊರೆ, ಗುಂಡಮ್ಮನ ಗಲ್ಲದವರೆಗೂ ನೊರೆ. ಕೂಸು ಕೈ ಬಡಿದು ನಕ್ಕಿತು. ಆಯಮ್ಮ ಟಬ್ಬಿನ ನೀರು ಚೆಲ್ಲಿ, ಬಕೆಟ್ಟಿನಿಂದ ಬಿಸಿನೀರು ಹೊಯ್ದು ಬೆನ್ನ ಮೇಲೆ ಬೆರಳೆಳೆದಳು. ಜಾರಿತು. ಇನ್ನೊಂದು ಮಗ್ಗು ಹೊಯ್ದಳು. ಜಾರಿತು. ಹಬೆ ತುಂಬಿ ಗೋಡೆಗಳೇ ಕಾಣದಾದವು. ಹೊಯ್ದಷ್ಟೂ ಕೂಸಿನ ಮೈ ನುಣುಪಾಗುತ್ತ ಹೋಯಿತು. ಬೆರಳು ಎಲ್ಲಿಯೂ ನಿಲ್ಲದೆ ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ತೇಲುತ್ತಿತ್ತು. ಹಳೆಯ ವಾರ್ಡು, ಸಾಲು ತೊಟ್ಟಿಲು, ಯಾರ್ಯಾರದೋ ಕೂಸುಗಳ ಬೆನ್ನುಗಳು ಅವಳ ಕಣ್ಣ ಮುಂದೆ ಹಾದುಹೋದವು. ಬಕೆಟ್ಟು ಬರಿದಾದದ್ದೂ, ತಾನೇ ನಲ್ಲಿ ತಿರುಗಿಸಿ ತಣ್ಣೀರು ಹಿಡಿದು ಹೊಯ್ಯುತ್ತಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಹಬೆ ಯಾವಾಗ ಕರಗಿತೋ ಅದೂ ತಿಳಿಯಲಿಲ್ಲ.

ಮಗಳು ಬಾಗಿಲು ತಳ್ಳಿದಾಗ ಗುಂಡಮ್ಮನ ತುಟಿ ನೀಲಿಗಟ್ಟಿತ್ತು. ಅಳುವುದಕ್ಕೂ ಆಗದಷ್ಟು ನಡುಗುತ್ತಿತ್ತು ಕೂಸು.

"ಏನಮ್ಮಾ ಇದು! ಮಗೂನ ಸಾಯಿಸಿಬಿಡ್ತೀಯಾ?"

ಕೂಸನ್ನು ಕಸಿದುಕೊಂಡು ಎದೆಗೊತ್ತಿಕೊಂಡು ಹೋದಳು. ಕಂಬಳಿಯಲ್ಲಿ ಸುತ್ತಿ ಎದೆಹಾಲು ಕೊಟ್ಟ ಮೇಲೆ ಗುಂಡಮ್ಮನ ತುಟಿಗೆ ಬಣ್ಣ ಬಂತು, ಅಳುವೂ ಬಂತು. ಆಯಮ್ಮ ಮಾತ್ರ ಮಗ್ಗು ಹಿಡಿದುಕೊಂಡು ಬಚ್ಚಲಲ್ಲೇ ಕುಳಿತಿದ್ದಳು.

ಮರುದಿನದಿಂದ ಮಗಳೇ ಸ್ನಾನ ಮಾಡಿಸಿದಳು. ಎರಡು ಮಗ್ಗು ಹೊಯ್ದು ಎತ್ತಿಕೊಂಡು ಬಂದುಬಿಡುತ್ತಿದ್ದಳು. ಆಯಮ್ಮ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತರೆ, "ಅಲ್ಲಿಡಮ್ಮ, ನಾನು ತಗೋತೀನಿ," ಎನ್ನುತ್ತಿದ್ದಳು. ಬೈದಿದ್ದರೂ ಆಗುತ್ತಿತ್ತು. ಆ ಮೃದು ಮಾತಿಗೆ ಮುದುಕಿ ಟವೆಲ್ಲನ್ನು ಅಲ್ಲೇ ಇಟ್ಟು ತನ್ನ ಮೂಲೆಗೆ ಹೋಗಿ ಕೂರುತ್ತಿದ್ದಳು. ಒಂದು ದಿನ ಅಡುಗೆಮನೆಯಿಂದ ಮಗಳು ಗಂಡನಿಗೆ ಹೇಳುವುದೂ ಕಿವಿಗೆ ಬಿತ್ತು: "ಅಮ್ಮನ ಕೈ ಮೊದಲಿನ ಹಾಗಿಲ್ಲ ರೀ. ಇನ್ಮೇಲೆ ಮಗೂನ ಅವರ ಕೈಗೆ ಕೊಡೋಕೆ ನಂಗೆ ಭಯ." ಕೂಸಿನ ಮೈಯ ಕೆಂಪು ಇಳಿಯುತ್ತಿತ್ತು. ಮನೆಯವರೆಲ್ಲ ಖುಷಿಯಾಗಿದ್ದರು. ಆಯಮ್ಮನಿಗೂ ಖುಷಿಯೇ, ಆದರೆ ಬಾಗಿಲಾಚೆ ನಿಂತು ನೋಡುವ ಖುಷಿ.

ಆ ವಾರದ ಕೊನೆಯಲ್ಲಿ ಒಂದು ಮಧ್ಯಾಹ್ನ ಬಚ್ಚಲಲ್ಲಿ ನೀರು ಬೀಳುತ್ತಲೇ ಇತ್ತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮಲಗಿದ್ದ ಕೂಸಿನ ಪಕ್ಕದಿಂದ ಎದ್ದು ಬಂದು ಮಗಳು ಇಣುಕಿ ನೋಡಿದಳು. ಆಯಮ್ಮ ಸ್ಟೂಲಿನ ಮೇಲೆ ಕುಳಿತು, ತೋಳನ್ನು ನಲ್ಲಿಯ ಕೆಳಗೆ ಹಿಡಿದು, ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಧಾರಾಕಾರ.

"ಸೋಪು ಹೋಗ್ತಾನೇ ಇಲ್ವೇ. ಆಗಿಂದ ಹೊಯ್ತಾ ಇದೀನಿ. ಬೆರಳೇ ಸತ್ತೋಯ್ತಾ ಅಂತ ಈ ಕೈಯಲ್ಲೂ ನೋಡಿದೆ, ಆ ಕೈಯಲ್ಲೂ ನೋಡಿದೆ."

ಮಗಳಿಗೆ ಆಗ ಹೊಳೆಯಿತು, ಆ ದಿನ ಕೂಸು ಯಾಕೆ ಅಷ್ಟು ನೆನೆಯಿತು ಎಂದು. ಅವಳೂ ತನ್ನ ಕೈಗೆ ಸೋಪು ಹಚ್ಚಿ ತೊಳೆದುಕೊಂಡಳು. ಜಾರಿತು. ಮತ್ತೆ ತೊಳೆದಳು. ಜಾರಿತು. ಹಾಗಾದರೆ? ಒಂದು ಕ್ಷಣ ಯೋಚಿಸಿ, ತಾಯಿಯ ಮುಂಗೈ ಹಿಡಿದೆತ್ತಿ ನಾಲಿಗೆಯಿಂದ ನೆಕ್ಕಿಬಿಟ್ಟಳು.

"ಥೂ, ಹೊಲಸು! ಏನೇ ನಿಂದು!"

"ಸೋಪಿಲ್ಲಮ್ಮ. ಒಂಚೂರೂ ಕಹಿಯಿಲ್ಲ. ಯಾವಾಗ್ಲೋ ಹೋಗಿದೆ." ನಗುತ್ತ ಹೇಳಲು ಹೊರಟವಳಿಗೆ ನಡುವೆಯೇ ಅಳು ಬಂತು. "ನೀನು ಮುಟ್ತಾ ಇರೋದು ಬರೀ ಚರ್ಮ. ಮುಂಚೆ ಬೆರಳು ನಿಲ್ತಿತ್ತಲ್ಲ, ಅದು ಸುಣ್ಣಕ್ಕೆ. ನೀರು ಬಿಟ್ಟುಹೋಗ್ತಿದ್ದ ಸುಣ್ಣಕ್ಕೆ. ಈಗ ಅದನ್ನ ಆ ಮಿಷನ್ನು ತಡೀತಿದೆ. ನಿನ್ನ ಬೆರಳಿಗೇನೂ ಆಗಿಲ್ಲಮ್ಮ. ನಾನೇ ಏನೇನೋ ಅಂದುಬಿಟ್ಟೆ. ನಾಳೆಯಿಂದ ಗುಂಡಮ್ಮಂಗೆ ನೀನೇ ಎರಿ. ಸಾಕು ಅಂತ ನಾನು ಹೇಳ್ತೀನಿ, ಅಷ್ಟೇ."

ಮೊಮ್ಮಗಳು ಮತ್ತೆ ಕೈಗೆ ಬಂದಳೆಂದು ಆಯಮ್ಮ ಕುಣಿಯಬೇಕಿತ್ತು. ಅವಳು ಮಗಳ ಮುಖವನ್ನೇ ನೋಡುತ್ತಿದ್ದಳು, ಎಲ್ಲೋ ದೂರದಿಂದ ಎನ್ನುವ ಹಾಗೆ. ನಲ್ಲಿ ಸುರಿಯುತ್ತಲೇ ಇತ್ತು.

"ಅಲ್ವೇ," ಎಂದಳು ಕೊನೆಗೆ, "ಆ ಆಸ್ಪತ್ರೆ ಕೂಸುಗಳ ಮಾತು ಬಿಡು. ನಿಂಗೆ ನೀನು ಬೇಡ ಅನ್ನೋವರೆಗೂ ನಾನೇ ಎರೆದೆ. ಆಗೆಲ್ಲ ನಾನು ಮುಟ್ಟಿದ್ದು ಸುಣ್ಣಾನಾ? ನಿನ್ನ ಮೈನ ನಾನು ಒಂದಿನಾನೂ ಮುಟ್ಟೇ ಇಲ್ವಾ?"

ಮಗಳು ತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿಕೊಂಡಳು. ಮೊಣಕೈವರೆಗೂ ನಲ್ಲಿಯ ಕೆಳಗೆ ಹಿಡಿದು ತೊಳೆದು, ಒದ್ದೆ ನೆಲದ ಮೇಲೆಯೇ ಕುಳಿತು, ಆ ತೋಳನ್ನು ತಾಯಿಯ ಮಡಿಲಲ್ಲಿಟ್ಟಳು.