ಹೆಬ್ಬೆರಳ ಗೆರೆ

"ಬಲಗೈ ನಾನು ತೊಳೀತೀನಿ, ಬಿಡಿ ಚಿಕ್ಕಪ್ಪ," ಎಂದು ಮಗಳು ನೀರಿನ ಬಕೆಟ್ಟನ್ನು ತನ್ನತ್ತ ಎಳೆದುಕೊಂಡಳು.

ಬೆಳಗಿನ ಜಾವ ತೀರಿಕೊಂಡ ಅಪ್ಪನನ್ನು ನಡುಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಬೀದಿಯವರ ಬಾಯಲ್ಲಿ ಅವನು ಸಾಬೂನಜ್ಜ. ಅವನ ಕೈಯಾರೆ ಮಾಡಿದ ಸಾಬೂನಿನಲ್ಲಿ ಈಗ ಉಳಿದಿದ್ದದ್ದು ಒಂದೇ ಬಿಲ್ಲೆ. ಅದರಿಂದಲೇ ಅವಳು ಒಂದೊಂದು ಬೆರಳನ್ನೂ ಉಜ್ಜಿದಳು. ಹೆಬ್ಬೆರಳಿಗೆ ಬಂದಾಗ ಅವಳ ಕೈ ನಿಂತಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಲ್ಲಿ ಗೆರೆಗಳಿದ್ದವು. ಒಂದರೊಳಗೊಂದು ಸುತ್ತಿಕೊಂಡ, ಮಗುವಿನ ಬೆರಳಿನಂಥ ಹೊಸ ಗೆರೆಗಳು.

"ಏನಾಯ್ತಮ್ಮ?" ಎಂದ ಚಿಕ್ಕಪ್ಪ.

"ಏನಿಲ್ಲ."

ಬೆಳಗಿನಿಂದ ಬಾರದ ಅಳು ಈಗಲೂ ಬರಲಿಲ್ಲ, ಸಿಟ್ಟು ಬಂತು.

*

ಮೊದಲು ಸಾಬೂನು ಬೇಯಿಸುವ ಪರವಾನಗಿಗೆ ಏಳು ಕಚೇರಿ, ಏಳು ಮೊಹರು. ಅಪ್ಪನ ಅರ್ಧ ಆಯಸ್ಸು ಅಲ್ಲಿನ ಬೆಂಚುಗಳ ಮೇಲೇ ಸವೆದಿತ್ತು. ಹೋದ ವರ್ಷ ಸರ್ಕಾರ ಏಳನ್ನೂ ಒಂದೇ ಏಟಿಗೆ ತೆಗೆದುಹಾಕಿತು. ಇನ್ನು ಕಾಗದ ಬೇಡ, ಅಲೆದಾಟ ಬೇಡ. ಮಾಲೀಕ ಐದು ವರ್ಷಕ್ಕೊಮ್ಮೆ ಯಂತ್ರದ ಮೇಲೆ ಹೆಬ್ಬೆಟ್ಟೊತ್ತಿ ನಿಯಮ ಪಾಲಿಸುತ್ತೇನೆ ಎಂದರೆ ಮುಗಿಯಿತು. ಸುದ್ದಿ ಕೇಳಿದ ದಿನ ಅಪ್ಪ ಬೀದಿಗೆಲ್ಲ ಮನೆಗೊಂದು ಬಿಲ್ಲೆ ಹಂಚಿದ್ದ.

ಆದರೆ ಅದು ನಲವತ್ತು ವರ್ಷ ಸಾಬೂನಿನ ಕಾಸ್ಟಿಕ್ ಸೋಡಾದಲ್ಲಿ ಬೆಂದ ಬೆರಳು. ಗೆರೆ ಎಂದೋ ಅಳಿಸಿಹೋಗಿ ಗಾಜಿನ ಹಾಗೆ ನುಣ್ಣಗಾಗಿತ್ತು. ಹೋದಾಗಲೆಲ್ಲ ಯಂತ್ರ ಕೆಂಪು ದೀಪ ಹಚ್ಚಿ, "ವ್ಯಕ್ತಿ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ," ಎನ್ನುತ್ತಿತ್ತು. ಹನ್ನೊಂದು ಸಲ ಹೋಗಿ ಬಂದ.

"ಏಳು ಬಾಗಿಲಿದ್ದಾಗ ಯಾವನೋ ಒಬ್ಬ ಪುಣ್ಯಾತ್ಮ ಒಂದಾದ್ರೂ ತೆಗೀತಿದ್ದ," ಎಂದಿದ್ದ ಅಪ್ಪ. "ಈಗ ಇರೋದೇ ಒಂದು. ಅದರ ಹತ್ರ ಗೋಗರೆಯೋಣ ಅಂದ್ರೆ ಅದಕ್ಕೆ ಕಿವಿನೇ ಇಲ್ಲ."

ಹೆಬ್ಬೆಟ್ಟು ಬೀಳುವ ತನಕ ಎಂದು ಅಧಿಕಾರಿಗಳು ಹಿತ್ತಲಿನ ಒಲೆಗೆ ಬೀಗ ಜಡಿದರು. ಅಪ್ಪ ಕೈಕಟ್ಟಿ ಕೂತ, ಆಮೇಲೆ ಹಾಸಿಗೆ ಹಿಡಿದ. ಇಪ್ಪತ್ತು ವರ್ಷ ಅವನ ಜೊತೆ ಮರದ ಹುಟ್ಟಿನಿಂದ ಕಡಾಯಿ ತಿರುವಿದ ಮಗಳು ಇನ್ನೊಬ್ಬರ ಸಾಬೂನು ಕಾರ್ಖಾನೆಗೆ ಕೂಲಿಗೆ ಹೋದಳು. ಅಲ್ಲೂ ಅದೇ ಸೋಡಾ, ಅದೇ ಕಡಾಯಿ. ಮೇಲೆ ಮೇಸ್ತ್ರಿಯ ಬೈಗುಳ. ಇತ್ತ ಆರು ತಿಂಗಳು ಸುಮ್ಮನಿದ್ದ ಬೆರಳಿನಲ್ಲಿ ಚರ್ಮ ತನ್ನ ಪಾಡಿಗೆ ಬೆಳೆದುಕೊಂಡಿತ್ತು. ಯಾರೂ ನೋಡಿರಲಿಲ್ಲ.

*

ಬಾಗಿಲಲ್ಲಿ ಕೈಚೀಲ ಹಿಡಿದ ಹೆಂಗಸೊಬ್ಬಳು ಚಪ್ಪಲಿ ಬಿಡುತ್ತಲೇ ಮಾತು ಶುರುಮಾಡಿದಳು. "ಸೇವಾ ಕೇಂದ್ರದಿಂದ ಬಂದೆ. ಹಾಸಿಗೆ ಹಿಡಿದವರ ಮನೆಗೇ ಯಂತ್ರ ತರೋಕೆ ಅರ್ಜಿ ಹಾಕಿದ್ರಲ್ಲ, ಇವತ್ತು ನಿಮ್ಮ ಸರದಿ..." ಮಂಚ ಕಂಡು ಮಾತು ನಿಂತಿತು.

"ಸ್ವಲ್ಪ ತಡವಾಯ್ತು ತಾಯಿ," ಎಂದ ಚಿಕ್ಕಪ್ಪ.

"ಕ್ಷಮಿಸಿ. ಆದ್ರೆ ಸುಮ್ನೆ ವಾಪಸ್ ಹೋಗೋಕೂ ಆಗಲ್ಲ ನಂಗೆ. ಏನಾದ್ರೂ ಒಂದು ಒತ್ತಲೇಬೇಕು. 'ಹಾಜರಿದ್ದಾರೆ', 'ಮನೆಯಲ್ಲಿಲ್ಲ' ಅಂತ ಎರಡೇ ಇರೋದು."

"ಎರಡೂ ನಿಜಾನೇ," ಎಂದು ಮೂಲೆಯಲ್ಲಿ ಕೂತಿದ್ದ ಪಕ್ಕದ ಮನೆಯ ಕ್ಷೌರಿಕ ಗೋಡೆಗೆ ಹೇಳಿದ.

"ಮನೆಯಲ್ಲಿಲ್ಲ ಅಂದ್ರೆ?" ಎಂದಳು ಮಗಳು.

"ಪರವಾನಗಿ ರದ್ದು. ಕೊನೇ ದಿನ ಇವತ್ತೇ. ಮನೆಗಳಿರೋ ಬೀದೀಲಿ ಸಾಬೂನಿನ ಒಲೆಗೆ ಇನ್ಮೇಲೆ ಹೊಸದಾಗಿ ಕೊಡಲ್ಲ."

"ಹಾಜರಿದ್ರೆ?"

ಹೆಂಗಸು ದನಿ ತಗ್ಗಿಸಿದಳು. "ಐದು ವರ್ಷ. ನಡುವೆ ಮಾಲೀಕರು ತೀರಿಕೊಂಡ್ರೂ ಮಕ್ಕಳು ನಡೆಸಬಹುದು."

ಮಗಳಿಗೆ ನಾಳೆ ಬೆಳಗ್ಗೆ ಮೇಸ್ತ್ರಿಯ ಮುಂದೆ ನಿಲ್ಲುವ ತನ್ನದೇ ಚಿತ್ರ ಕಣ್ಣಿಗೆ ಕಟ್ಟಿತು. "ಹಾಜರಿದ್ದಾರೆ ಅಂತ ಒತ್ತಿ," ಎಂದಳು.

"ಹೆಣದ ಕೈ ಕಣೇ ಅದು," ಎಂದ ಚಿಕ್ಕಪ್ಪ. "ಈಗಲಾದ್ರೂ ಅವನನ್ನ ನೆಮ್ಮದಿಯಾಗಿ ಕಳಿಸು."

"ಹನ್ನೊಂದು ಸಲ ಹೋಗಿದ್ದಾನೆ, ಚಿಕ್ಕಪ್ಪ. ಇದೊಂದು ಸಲ ಅದೇ ಮನೆಗೆ ಬಂದಿದೆ."

ಹೆಂಗಸು ಯಂತ್ರವನ್ನು ಮಂಚದಂಚಿಗೆ ಇಟ್ಟು ಕಿಟಕಿಯತ್ತ ತಿರುಗಿ ನಿಂತಳು. ಮಗಳು ಅಪ್ಪನ ತಣ್ಣಗಿನ ಹೆಬ್ಬೆರಳನ್ನು ಒರೆಸಿ ಗಾಜಿನ ಮೇಲೆ ಒತ್ತಿದಳು. ಹಸಿರು ದೀಪ ಹತ್ತಿತು. "ವ್ಯಕ್ತಿ ಸಿಕ್ಕಿದ್ದಾರೆ. ಧನ್ಯವಾದ," ಎಂದಿತು ಯಂತ್ರ.

ಮಗಳು ಆ ಕೈಗೆ ಹಣೆ ಹಚ್ಚಿ ಮೊದಲ ಸಲ ಅತ್ತಳು.

"ಇನ್ನೊಂದಿದೆ," ಎಂದಳು ಹೆಂಗಸು, ಸಂಕೋಚದಿಂದ. "ಹಾಸಿಗೆ ಹಿಡಿದವರಾದ್ರೆ ಸಾಕ್ಷಿಯ ಹೆಬ್ಬೆಟ್ಟೂ ಕೇಳುತ್ತೆ. ಇದೇ ಮನೇಲಿ ವಾಸ ಇರೋರದ್ದೇ ಆಗ್ಬೇಕು. ಬೇರೆ ಯಾರಿದ್ದೀರಿ?"

"ಇರೋದು ನಾನೊಬ್ಬಳೇ. ಚಿಕ್ಕಪ್ಪನ ಮನೆ ಬೇರೆ."

ಅವಳು ತನ್ನ ಹೆಬ್ಬೆರಳನ್ನು ಒತ್ತಿದಳು. ಕೆಂಪು ದೀಪ. "ವ್ಯಕ್ತಿ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ."

ಹೊರಗೆ ಸ್ಮಶಾನದ ಗಾಡಿಯವನು ಹಾರನ್ ಹೊಡೆದ. ನಾಲ್ವರು ಬಂದು ಮಂಚದ ನಾಲ್ಕು ಮೂಲೆಗೆ ನಿಂತರು. ಯಾರೂ ಎತ್ತದಂತೆ ಎಡಗೈಯಲ್ಲಿ ಅಪ್ಪನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಅವಳು ತನ್ನ ನುಣುಪು ಹೆಬ್ಬೆರಳನ್ನು ಸೆರಗಿಗೆ ಉಜ್ಜಿ ಮತ್ತೆ ಒತ್ತಿದಳು.