ಬಲಗಡೆಯ ಕಮಾನು

ಗೌರಿಬಿದನೂರು ರೈಲ್ವೆ ಸ್ಟೇಷನ್ನಿನ ಮುಂದೆ ಬಾಡಿಗೆಗೆ ನಿಲ್ಲುತ್ತಿದ್ದ ಕಾರುಗಳಲ್ಲಿ ರಾಮಾಂಜಿನಪ್ಪನದೇ ಹೆಚ್ಚು ಹೊಳೆಯುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಒರೆಸಿ, ಕನ್ನಡಿಗೆ ಒಂದು ಮೊಳ ಕನಕಾಂಬರ ಸಿಕ್ಕಿಸುತ್ತಿದ್ದ. ಕಾರಿನ ಅಡಿಗೆ ಮಾತ್ರ ಬಗ್ಗಿ ನೋಡಿದವನಲ್ಲ. ಅರವತ್ಮೂರನೇ ಇಸವಿಯ ಬೇಸಿಗೆಯಲ್ಲಿ, ರಸ್ತೆಯ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಹಿಂದಿನಿಂದ ಕಿರ್ರ್ ಎಂಬ ಸದ್ದು, ಅದರ ಬೆನ್ನಿಗೇ ಟಕ್ ಎಂಬ ಇನ್ನೊಂದು ಸದ್ದು ಕೇಳಿಸತೊಡಗಿತು. ಧೂಳು ಹೋಗಿ ಕೂತಿರಬೇಕು ಅಂದುಕೊಂಡು ಸುಮ್ಮನಾಗಿದ್ದ.

ಒಂದು ದಿನ ನಗರಗೆರೆಯ ಆವಲಪ್ಪ, ಅವನ ಹೆಂಡತಿ ಅಕ್ಕಯ್ಯಮ್ಮ ಕಾರು ಹತ್ತಿದರು. ಗೌರಿಬಿದನೂರಿನ ಓಬಳಮ್ಮನ ಮಗಳನ್ನು ತಮ್ಮ ಮಗನಿಗೆ ನೋಡಲು ಬಂದವರು, ಹುಡುಗಿಯನ್ನು ಒಪ್ಪಿಕೊಂಡು, ಈಗ ತಮ್ಮ ಮನೆಯನ್ನು ತೋರಿಸಲು ಓಬಳಮ್ಮನನ್ನೂ ಜೊತೆಗೆ ಕರೆದುಕೊಂಡು ಹೊರಟಿದ್ದರು. ಗಂಡ ತೀರಿಕೊಂಡ ಮೇಲೆ ಮನೆ, ಹೊಲ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಂಗಸು ಓಬಳಮ್ಮ. ಮೈ ಭಾರಿ. ಬಾಗಿಲಲ್ಲಿ ಒಂದಿಷ್ಟು ಏದುಸಿರು ಬಿಟ್ಟು, ಹಿಂದಿನ ಸೀಟಿನ ಎಡಗಡೆಗೆ ಮುದುರಿ ಕೂತಳು.

ಊರು ದಾಟುತ್ತಲೇ ಸದ್ದು ಶುರುವಾಯಿತು.

"ಏನಪ್ಪ ಅದು, ಗಾಡಿ ಮುಲುಗ್ತಾ ಐತೆ?" ಎಂದ ಮುಂದೆ ಕೂತಿದ್ದ ಆವಲಪ್ಪ.

ತನ್ನ ಕಾರನ್ನು ಯಾರಾದರೂ ಆಡಿಕೊಂಡರೆ ರಾಮಾಂಜಿನಪ್ಪನಿಗೆ ತಡೆಯುತ್ತಿರಲಿಲ್ಲ. "ಗಾಡಿಗೇನೂ ಆಗಿಲ್ಲ ಸ್ವಾಮಿ. ಆ ಅಮ್ಮ ಕೂತವ್ರಲ್ಲ, ಅದಕ್ಕೇ ಪಾಪ ಸ್ಪ್ರಿಂಗು ಅಳ್ತಾ ಐತೆ" ಎಂದುಬಿಟ್ಟ.

ಆವಲಪ್ಪ ಜೋರಾಗಿ ನಕ್ಕ. ಅಕ್ಕಯ್ಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರೂ ಅವಳ ಹೆಗಲು ಕುಲುಕುತ್ತಿತ್ತು. ಕನ್ನಡಿಯಲ್ಲಿ ರಾಮಾಂಜಿನಪ್ಪನಿಗೆ ಓಬಳಮ್ಮನ ಮುಖ ಕಂಡಿತು. ಅವಳೂ ನಗಲು ನೋಡಿದಳು, ಆಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ, "ನಿಲ್ಸಪ್ಪ. ಇಲ್ಲೇ ನಮ್ಮಕ್ಕನ ತೋಟ. ನೋಡ್ಕೊಂಡು ಆಮೇಲೆ ಬರ್ತೀನಿ" ಎಂದಳು. ಬೀಗರು ಬೇಡವೆಂದರೂ ಕೇಳದೆ ಇಳಿದಳು. ಅಲ್ಲಿ ಯಾವ ತೋಟವೂ ಇರಲಿಲ್ಲ. ಎರಡೂ ಕಡೆ ಕೊಯ್ದ ರಾಗಿ ಹೊಲ, ನಡುವೆ ಸುಡುವ ರಸ್ತೆ.

ಅವಳು ಇಳಿದ ಮೇಲೂ ಮೊದಲ ಗುಂಡಿಗೆ ಕಾರು ಕಿರ್ರ್ ಎಂದಿತು, ಟಕ್ ಎಂದಿತು. ಮೊದಲಿಗಿಂತ ಜೋರಾಗಿಯೇ. ಈ ಸಲ ಯಾರೂ ನಗಲಿಲ್ಲ.

ವಾಪಸು ಬರುವಾಗ ಓಬಳಮ್ಮ ಎದುರಾದಳು. ನಗರಗೆರೆಯ ಕಡೆಗೇ ನಡೆದು ಬರುತ್ತಿದ್ದಳು. ಸೆರಗು ತಲೆಯ ಮೇಲೆ, ಕಿತ್ತುಹೋದ ಚಪ್ಪಲಿ ಕೈಯಲ್ಲಿ. ಕಾರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ನಿಲ್ಲಿಸಿ ಕರೆಯಬೇಕು ಎಂದು ರಾಮಾಂಜಿನಪ್ಪನಿಗೆ ಅನ್ನಿಸಿತು. ಆದರೆ ಕರೆದು ಏನೆಂದು ಹೇಳುವುದು? ಅವಳ ಮೇಲೆ ಧೂಳೆಬ್ಬಿಸಿಕೊಂಡು ಮುಂದೆ ಹೋದ.

ಸೀದಾ ಸಾದಿಕ್ ಪಾಷಾನ ಶೆಡ್ಡಿಗೆ ಬಂದ. ಪಾಷಾ ಅವನ ಜೊತೆಯಲ್ಲೇ ಲಾರಿ ಕ್ಲೀನರಾಗಿದ್ದು, ಆಮೇಲೆ ಮೆಕ್ಯಾನಿಕ್ಕಾದವನು. "ತೂಕದವರು ಒಬ್ಬರು ಕೂತಿದ್ರು, ಸ್ಪ್ರಿಂಗು ಏಟು ತಿಂದೈತೆ ಅನ್ಸುತ್ತೆ" ಎಂದ ರಾಮಾಂಜಿನಪ್ಪ. ಅದು ನಿಜವಾಗಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

"ಯಾವ ಕಡೆ ಕೂತಿದ್ರು?"

"ಎಡಗಡೆ."

ಪಾಷಾ ಅವನನ್ನು ಹಿಂದಿನ ಬಂಪರಿನ ಮೇಲೆ ಹತ್ತಿಸಿ ಮೇಲೆ ಕೆಳಗೆ ಕುಲುಕಲು ಹೇಳಿ, ತಾನು ಗೋಣಿತಾಟು ಹಾಸಿಕೊಂಡು ಅಡಿಗೆ ತೂರಿದ. ಖಾಲಿ ಕಾರೇ ಕಿರ್ರ್ ಎಂದಿತು. ಹಾರೆಯಿಂದ ಎಡಗಡೆಯ ಕಮಾನನ್ನು, ಅಂದರೆ ಬಾಗಿದ ಪಟ್ಟಿಗಳ ಸ್ಪ್ರಿಂಗನ್ನು, ಮೀಟಿದ, ಅಲುಗಲಿಲ್ಲ. ಬಲಗಡೆ ಮೀಟಿದ, ಟಕ್ ಎಂದಿತು.

"ಬಾ ಇಲ್ಲಿ, ನೀನೇ ನೋಡು."

ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಉದ್ದನೆಯದು, ಬಿರುಕು ಬಿಟ್ಟಿತ್ತು. ಅದರ ತುದಿಯ ತೂತಿನಲ್ಲಿ ಕೂರುವ ಬಳೆ, ಬುಷ್, ಸವೆದು ಅಗಲವಾಗಿತ್ತು. ಗ್ರೀಸಿನ ಸುಳಿವೇ ಇರಲಿಲ್ಲ.

"ಇವತ್ತು ಬಿರುಕು ಬಿಟ್ಟಿದ್ರೆ ಒಳಗೆ ಉಕ್ಕು ಬೆಳ್ಳಗೆ ಹೊಳೀಬೇಕಿತ್ತು. ಇಲ್ನೋಡು, ತುಕ್ಕು ಹಿಡ್ದೈತೆ. ಎಂದೋ ಬಿಟ್ಟಿರೋದು. ಒಣ ಬುಷ್ ಕಿರ್ರ್ ಅಂತಿತ್ತು, ಪಟ್ಟಿ ಟಕ್ ಅಂತಿತ್ತು. ಅವರೇನು ಮಾಡ್ತಾರೆ ಪಾಪ?"

ರಾಮಾಂಜಿನಪ್ಪ ಕಾರಿನ ಅಡಿಯಿಂದ ಬೇಗ ಹೊರಗೆ ಬರಲಿಲ್ಲ. ಅಲ್ಲಿ ಯಾರಿಗೂ ಮುಖ ತೋರಿಸಬೇಕಾಗಿರಲಿಲ್ಲ.

ಪಾಷಾ ಕಮಾನು ಇಳಿಸಿ, ಪಟ್ಟಿ ಬದಲಿಸಿ, ಹೊಸ ಬುಷ್ ಹಾಕಿ ಗ್ರೀಸ್ ತುಂಬಿದ. ಸದ್ದು ಹೋಯಿತು. ಆದರೆ ರಾಮಾಂಜಿನಪ್ಪನಿಗೆ ಆ ಹೆಂಗಸು ರಸ್ತೆಯ ಅಂಚಿಗೆ ಸರಿದು ನಿಂತದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ಕೊನೆಗೆ ಅವಳ ಮನೆಗೆ ಹೋದ. ಓಬಳಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ತಪ್ಪು ನಂದು ಕಣಮ್ಮ. ಪಟ್ಟಿ ಮೊದ್ಲೇ ಬಿರುಕು ಬಿಟ್ಟಿತ್ತು. ಗಾಡಿ ಮಾನ ಉಳಿಸ್ಕೊಳಕ್ಕೆ ನಿಮ್ಮ ಮೇಲೆ ಹಾಕಿಬಿಟ್ಟೆ."

ಅವಳು ತಲೆ ಎತ್ತಲಿಲ್ಲ. "ನನ್ ಹತ್ರ ಹೇಳಿದ್ರೆ ಏನಪ್ಪ ಬಂತು? ನಾನು ಕೂತ್ರೆ ಸ್ಪ್ರಿಂಗು ಮುರಿಯಲ್ಲ ಅಂತ ನಂಗೊತ್ತಿಲ್ವಾ? ನಾಳೆ ನನ್ ಮಗಳು ಬಾಳಬೇಕಾದ ಮನೆಯವರು ನಕ್ರು."

ಅವನು ಅಲ್ಲಿಂದಲೇ ನಗರಗೆರೆಗೆ ಹೊರಟ. ಆವಲಪ್ಪನ ಮನೆಯ ಜಗಲಿಯ ಮೇಲೆ ಊರವರೂ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ಕಾಯಬೇಕೆನಿಸಿತು. ಕಾಯದೆ, ಎಲ್ಲರ ಮುಂದೆಯೇ ಹೇಳಿದ. ಆವಲಪ್ಪ ನೆಲ ನೋಡುತ್ತ ಕೂತ. ಅಕ್ಕಯ್ಯಮ್ಮ ಬಾಗಿಲಿಗೆ ಬಂದು, "ನೀನು ಆಡ್ದೆ, ನಾವು ನಕ್ವಿ. ಮನೇಗೆ ಬಂದಾಗ್ಲೂ ಆಕೆ ಒಂದು ಮಾತು ಎತ್ತಲಿಲ್ಲ. ತಡಿ, ನಾನೂ ಬರ್ತೀನಿ" ಎಂದಳು.

ಗೌರಿಬಿದನೂರಿನಲ್ಲಿ ಅಕ್ಕಯ್ಯಮ್ಮ ಒಳಗೆ ಹೋದಳು. ರಾಮಾಂಜಿನಪ್ಪ ಬೀದಿಯಲ್ಲೇ ನಿಂತ. ಒಳಗಿನ ಮಾತು ಕೇಳಿಸಲಿಲ್ಲ. ಆಮೇಲೆ ಇಬ್ಬರೂ ಮೂಗು ಎಳೆದುಕೊಳ್ಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಓಬಳಮ್ಮ ಒಂದು ಲೋಟ ಮಜ್ಜಿಗೆ ತಂದು ಅವನ ಕೈಗಿಟ್ಟಳು.

"ಕುಡಿಯಪ್ಪ, ಬಿಸಿಲು."

ಅವನು ತಲೆ ತಗ್ಗಿಸಿಕೊಂಡೇ ಕುಡಿದ. "ಮದುವೆಗೆ ನಾನೇ ಕರ್ಕೊಂಡು ಹೋಗ್ತೀನಮ್ಮ" ಎಂದ.

"ನನ್ ಮಗಳನ್ನ ಕರ್ಕೊಂಡು ಹೋಗು. ಜೋಪಾನ" ಎಂದು ಅವಳು ಖಾಲಿ ಲೋಟ ತೆಗೆದುಕೊಂಡಳು.

ಮದುವೆಯ ದಿನ ಹುಡುಗಿ ಅವನ ಕಾರಿನಲ್ಲೇ ಹೋದಳು. ಓಬಳಮ್ಮ ಮಾತ್ರ ಬಸ್ಸಿನಲ್ಲಿ ಬಂದಳು.