ಮೂರನೆಯ ಪೆಟ್ಟಿಗೆ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಮೊರಾಗ್ ಸ್ಕಾಟ್ಲೆಂಡಿನವಳು. ಒಂದು ಕಾಲದಲ್ಲಿ ಆ ದೇಶದ ಪರವಾಗಿ ಹತ್ತು ಸಾವಿರ ಮೀಟರ್ ಓಡುತ್ತಿದ್ದವಳು. ಕುರಿ ಸಾಕುವ ಊರಲ್ಲಿ ಹುಟ್ಟಿ, ಗುಡ್ಡ ಹತ್ತಿಳಿದು ಶಾಲೆಗೆ ಓಡಿ, ಮುಂದೆ ಯುರೋಪೆಲ್ಲ ಓಡಿ, ಕೊನೆಗೆ ಮಿಶಿಗನ್‌ನ ಕಾಲೇಜೊಂದರಲ್ಲಿ ಓಟ ಕಲಿಸಿ ನಿವೃತ್ತಳಾದಳು. ಇಷ್ಟು ಓಡಿಯೂ ದೊಡ್ಡ ಸ್ಪರ್ಧೆಗಳಲ್ಲಿ ಅವಳಿಗೆ ಸಿಕ್ಕಿದ್ದು ಯಾವಾಗಲೂ ನಾಲ್ಕನೆಯ ಸ್ಥಾನ. ಮೂವರು ವೇದಿಕೆ ಹತ್ತಿ ಪದಕ ಹಾಕಿಸಿಕೊಳ್ಳುವಾಗ ತಾನು ಕೆಳಗೆ ಕೂತು ಶೂ ಬಿಚ್ಚುತ್ತಿದ್ದೆ ಎಂದು ನಗುತ್ತಾ ಹೇಳುತ್ತಾಳೆ. ಒಮ್ಮೆ ಮಾತ್ರ ನಗದೆ, “ಒಂದು ಸಲವಾದರೂ ಹತ್ತಬೇಕಿತ್ತು, ಸುಚೇತಾ” ಎಂದಳು.

ನಾನು ಸುಮ್ಮನೆ ಕೂರುವವಳಲ್ಲ. ಜುಲೈನಲ್ಲಿ ನಮ್ಮ ಕನ್ನಡ ಕೂಟದ ಪಿಕ್‌ನಿಕ್, ಉಸ್ತುವಾರಿ ನನ್ನದೇ. ಹೆಂಗಸರ ನಿಂಬೆಹಣ್ಣು-ಚಮಚದ ಓಟಕ್ಕೆ ಮೊರಾಗ್‌ಳನ್ನು ಸೇರಿಸಿದೆ. ಗೆದ್ದವರು ಹತ್ತಿ ನಿಲ್ಲಲು ತಿಂಡಿ-ಪಾನೀಯ ತಣ್ಣಗಿಟ್ಟಿದ್ದ ಮೂರು ಐಸ್ ಪೆಟ್ಟಿಗೆಗಳನ್ನು ಸಾಲಾಗಿ ಇಡಿಸಿದೆ. ಆಮೇಲೆ ಓಡುವವರನ್ನೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು, ಅವಳನ್ನು ಮುಂದೆ ಬಿಡಿ ಎಂದು ಕಿವಿಯಲ್ಲಿ ಊದಿದೆ.

ಒಪ್ಪದವರು ಒಬ್ಬರೇ, ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಚಿಕ್ಕತಾಯಮ್ಮ.

“ನಾನ್ಯಾಕೆ ಸೋಲ್ಲಿ?”

“ಪಾಪ ಅತ್ತೆ, ಅವರು ಯಾವತ್ತೂ ಮೇಲೆ ಹತ್ತಿ ನಿಂತಿಲ್ವಂತೆ.”

“ಓಡಿ ಹತ್ಲಿ. ಅವಳ ಕಾಲಿಗೇನಾಗಿದೆ? ನಾನಂತೂ ನಿಧಾನಕ್ಕೆ ಹೋಗಲ್ಲ ಕಣಮ್ಮ.”

ಬಾಯಿಗೆ ಚಮಚ ಕಚ್ಚಿಸಿದರೆ ಈ ಮಾತಾದರೂ ನಿಲ್ಲುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನನ್ನ ಮಗ ಕುನಾಲ್ ಸೀಟಿ ಊದಿದ. ಅತ್ತೆ ಹೊರಟೇಬಿಟ್ಟರು. ಉಳಿದವರು ಅರಿಶಿನ-ಕುಂಕುಮಕ್ಕೆ ಹೊರಟವರಂತೆ ಹೆಜ್ಜೆ ಹಾಕಿದರು. ಗೆಳತಿ ಲತಾಶ್ರೀಯಂತೂ ಬೇಕೆಂದೇ ನಿಂಬೆಹಣ್ಣು ಬೀಳಿಸಿ, ಕಣ್ಣೆದುರೇ ಇದ್ದ ಹಣ್ಣನ್ನು ಹುಲ್ಲಿನಲ್ಲಿ ಹುಡುಕತೊಡಗಿದಳು. ಅರ್ಧದಾರಿಯಲ್ಲಿ ಮೊರಾಗ್ ನಿಂತಳು. ಬಾಯಿಂದ ಚಮಚ ತೆಗೆದು ನನ್ನ ಕಡೆಗೇ ತಿರುಗಿದಳು.

“ಇಲ್ಲಿ ಓಡುತ್ತಿರುವುದು ಆ ಅಜ್ಜಿ ಒಬ್ಬರೇ. ಎಲ್ಲರೂ ಸರಿಯಾಗಿ ಓಡಿ, ಇಲ್ಲದಿದ್ದರೆ ನಾನು ಮನೆಗೆ ಹೋಗುತ್ತೇನೆ.”

ನನ್ನ ಮುಖ ಇಷ್ಟೇ ಇಷ್ಟಾಯಿತು. ಎಲ್ಲರನ್ನೂ ಮೊದಲ ಗೆರೆಗೆ ವಾಪಸ್ ಕರೆಸಿ ಕುನಾಲ್ ಮತ್ತೆ ಸೀಟಿ ಊದಿದ.

ಈ ಸಲ ಯಾರೂ ಯಾರನ್ನೂ ನೋಡಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ, ಹಿಂದೆ ಲತಾಶ್ರೀ, ಅವಳ ಹಿಂದೆ ಡಾಕ್ಟರ್ ಮಾಳವಿಕಾ. ಮೊರಾಗ್‌ಳದು ದೂರದ ಓಟದ ಹಳೇ ಅಭ್ಯಾಸ. ನಿಧಾನವಾಗಿ ಹೊರಟು ಒಬ್ಬೊಬ್ಬರನ್ನೇ ದಾಟುತ್ತಾ ಬಂದಳು. ಗೆರೆ ಹತ್ತಿರವಾದಾಗ ಅವಳು ಮತ್ತೆ ನಾಲ್ಕನೆಯವಳು. ಅವಳು ಹೆಜ್ಜೆ ಉದ್ದ ಮಾಡಿದಳು. ನಿಂಬೆಹಣ್ಣು ಚಮಚದ ಅಂಚಿಗೆ ಉರುಳಿತು, ಬೀಳಲಿಲ್ಲ.

“ಥರ್ಡ್. ಮೊರಾಗ್ ಆಂಟಿ ಈಸ್ ಥರ್ಡ್,” ಎಂದ ಕುನಾಲ್.

ಮೂವರೂ ಪೆಟ್ಟಿಗೆ ಹತ್ತಿದರು. ಬಹುಮಾನದ ಸ್ಟೀಲ್ ಡಬ್ಬಿ ಕೊಟ್ಟಾಯಿತು, ಫೋಟೋ ಆಯಿತು. ಅತ್ತೆಗೆ ಹಸಿವು, ಇಳಿದರು. ಲತಾಶ್ರೀಯೂ ಇಳಿದಳು. ಮೊರಾಗ್ ಮಾತ್ರ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ಸಂತೋಷಕ್ಕೆ ಅಳು ಬಂತು.

ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಅತ್ತೆ ಕೈಯಾರೆ ಕಲಸಿದ ಪುಳಿಯೋಗರೆ ಬೆಂಕಿಯಷ್ಟು ಖಾರ. ಮಜ್ಜಿಗೆಯೆಲ್ಲ ಇದ್ದದ್ದು ಮೊರಾಗ್ ನಿಂತಿದ್ದ ಆ ಮೂರನೆಯ ಪೆಟ್ಟಿಗೆಯಲ್ಲಿ.

ಮಾಳವಿಕಾ ಲೋಟ ಹಿಡಿದು ಅಲ್ಲಿತನಕ ಹೋದಳು. ಮೊರಾಗ್‌ಳ ಮುಖ ನೋಡಿ ಖಾಲಿ ಲೋಟದೊಂದಿಗೆ ವಾಪಸ್ ಬಂದಳು.

“ಮಜ್ಜಿಗೆ ಎಲ್ಲಿಗೂ ಓಡಿಹೋಗಲ್ಲ,” ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತಾ. “ನಿಂತ್ಕೊಳ್ಳಲಿ ಬಿಡಿ.”